ಸ್ಕಾಟ್ಲೆಂಡಿನ ಸಿಂಹಾಸನ, ನಮ್ಮ ಬನದ ದೊಂದಿ

ಸ್ಕಾಟ್ಲೆಂಡಿನ ಸಿಂಹಾಸನದ ಮೇಲೆ ಯಾರ ನಂತರ ಯಾರು ಕುಳಿತರು ಎಂಬುದನ್ನು ಪುಸ್ತಕ ನೋಡದೆ ಹೇಳಬಲ್ಲವರು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಸೇರಿದರೂ ನಾನೊಬ್ಬಳೇ ಇರಬೇಕು. ಇದನ್ನು ಜಂಬ ಅಂದುಕೊಳ್ಳಬೇಡಿ. ಈ ಸ್ಪರ್ಧೆಗೆ ಬೇರೆ ಯಾರೂ ಹೆಸರೇ ಕೊಟ್ಟಿಲ್ಲ.

ತೀರ್ಥಹಳ್ಳಿಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಲೇ ನನ್ನ ತಲೆ ಬೆಳ್ಳಗಾಯಿತು. ಯುರೋಪಿನ ಇತಿಹಾಸದ ಪಠ್ಯದಲ್ಲಿ ಸ್ಕಾಟ್ಲೆಂಡಿಗೆ ಸಿಗುತ್ತಿದ್ದದ್ದು ಇಂಗ್ಲೆಂಡಿನ ಬೆನ್ನಿಗಂಟಿದ ಅರ್ಧ ಪುಟ. ಆ ಅರ್ಧ ಪುಟವನ್ನು ನಾನು ವಾರಗಟ್ಟಲೆ ಎಳೆಯುತ್ತಿದ್ದೆ. "ಮೇಡಂ, ಫ್ರಾನ್ಸಿನ ಕ್ರಾಂತಿ ಪರೀಕ್ಷೆಯೊಳಗೆ ಆಗ್ತದಾ?" ಎಂದು ಪ್ರಿನ್ಸಿಪಾಲರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಕ್ರಾಂತಿ ಎಲ್ಲಿಗೂ ಓಡಿಹೋಗುವುದಿಲ್ಲ ಸಾರ್ ಎನ್ನುತ್ತಿದ್ದೆ. ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ವಂಶವೃಕ್ಷ ಬರೆದು, ಸತ್ತವರ ತಲೆಯ ಮೇಲೆ ಗುಣಾಕಾರದ ಗುರುತು ಹಾಕುತ್ತಾ ಹೋಗುವುದು ನನಗೆ ಬಲು ಖುಷಿಯ ಕೆಲಸ. ಮಕ್ಕಳಿಗೂ ರುಚಿ ಹತ್ತುತ್ತಿತ್ತು. ದಾಯಾದಿ ಜಗಳ ಅಂದರೆ ನಮ್ಮ ಕಡೆಯ ಮಕ್ಕಳಿಗೆ ಪಾಠ ಮಾಡಬೇಕೇ? ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬ, "ಮೇಡಂ, ಇದು ನಮ್ಮೂರ ಪಟೇಲ್ರ ಮನೆ ಕಥೆನೇ" ಎಂದು ಕೂಗುತ್ತಿದ್ದ. ಕೆಳದಿಯ ಅರಸರ ಪಾಠದಲ್ಲಿ ತೂಕಡಿಸುತ್ತಿದ್ದವರೂ ಇದಕ್ಕೆ ಕಣ್ಣು ಬಿಟ್ಟು ಕೂರುತ್ತಿದ್ದರು.

ಆ ಕಥೆಯನ್ನು ಇಲ್ಲಿಯೂ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಹೋದ ದೀಪಾವಳಿಯಲ್ಲಿ ನಮ್ಮ ಮನೆಯಲ್ಲಿ ನಡೆದದ್ದು ಅರ್ಥವಾಗುವುದಿಲ್ಲ.

ಆ ದೇಶದಲ್ಲಿ ಬಹಳ ಹಿಂದೆ ರಾಜನ ಮಗನೇ ರಾಜನಾಗಬೇಕೆಂಬ ಕಟ್ಟು ಇರಲಿಲ್ಲ. ರಾಜ ಬದುಕಿರುವಾಗಲೇ ಮನೆತನದ ಗಂಡಸರಲ್ಲಿ ಗಟ್ಟಿಯಾದ ಒಬ್ಬನನ್ನು ಮುಂದಿನವನೆಂದು ಗೊತ್ತುಮಾಡುತ್ತಿದ್ದರು. ಒಂದು ಸಲ ಈ ಕವಲಿನವನು, ಇನ್ನೊಂದು ಸಲ ಆ ಕವಲಿನವನು. ಕೇಳಲಿಕ್ಕೆ ತುಂಬ ನ್ಯಾಯವಾಗಿದೆ. ಆದರೆ ಮುಂದಿನವನಿಗೆ ಕಾಯುವ ತಾಳ್ಮೆ ಇರಬೇಕಲ್ಲ! ಒಬ್ಬರನ್ನೊಬ್ಬರು ಕೊಂದು ಕೊಂದು ಸುಸ್ತಾದ ಮೇಲೆ, ಮಗನಿಗೇ ಪಟ್ಟ ಎಂಬ ಪದ್ಧತಿ ನಿಧಾನಕ್ಕೆ ಬಂತು. ಅದೂ ಒಂದು ಬಿರುಗಾಳಿಯ ದಿನದವರೆಗೆ. ಹೊಸ ಹೆಂಡತಿಯನ್ನು ನೋಡುವ ಆತುರದಲ್ಲಿ, ಬೇಡ ಬೇಡ ಎಂದರೂ ಕೇಳದೆ ಹೊರಟ ರಾಜ ಕುದುರೆ ಸಮೇತ ಬಿದ್ದು ಸತ್ತ. ಮಕ್ಕಳು ಮೊದಲೇ ತೀರಿಕೊಂಡಿದ್ದರು. ಉಳಿದದ್ದು ನಾರ್ವೆಯಲ್ಲಿದ್ದ ಪುಟ್ಟ ಮೊಮ್ಮಗಳು. ಅವಳನ್ನು ಹಡಗಿನಲ್ಲಿ ಕರೆತರುವಾಗ ಅವಳೂ ಹೋಗಿಬಿಟ್ಟಳು.

ಆಗ ಎದ್ದುಬಂದರು ಹಕ್ಕುದಾರರು. ಅವರಲ್ಲಿ ಮುಖ್ಯರು ಇಬ್ಬರು. ಹಳೆಯ ರಾಜನೊಬ್ಬನ ತಮ್ಮನಿಗೆ ಹೆಣ್ಣುಮಕ್ಕಳಿದ್ದರು. ಹಿರಿಯ ಮಗಳ ಮಗಳ ಮಗ ಒಬ್ಬ, ಆ ಹಿರಿಯ ಮಗಳ ತಂಗಿಯ ಮಗ ಇನ್ನೊಬ್ಬ. "ನನ್ನದು ಹಿರಿಯ ಕವಲು" ಎಂದು ಒಬ್ಬನ ವಾದ. "ನಾನು ಒಂದು ತಲೆಮಾರು ಹತ್ತಿರದವನು" ಎಂದು ಇನ್ನೊಬ್ಬನ ವಾದ. ಬೋರ್ಡಿನ ಮೇಲೆ ಇಷ್ಟು ಬರೆದು ನಾನು ತರಗತಿಯನ್ನು ಎರಡು ಪಕ್ಷ ಮಾಡಿ ಜಗಳ ಹಚ್ಚುತ್ತಿದ್ದೆ. ಗಲಾಟೆ ಪಕ್ಕದ ಲ್ಯಾಬಿನವರೆಗೂ ಕೇಳುತ್ತಿತ್ತು.

ನನಗೆ ಮಾತ್ರ ಆ ಹಿರಿಯ ಕವಲಿನ ನಡುವಿನ ಹೆಂಗಸಿನ ಮೇಲೆ ಕಣ್ಣು. ಹಿರಿಯ ಮಗಳ ಮಗಳು, ಹಕ್ಕುದಾರನ ತಾಯಿ. ಗಂಡ ಸತ್ತ ಮೇಲೆ ಅವನ ಹೃದಯವನ್ನು ದಂತದ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಳಂತೆ. ನನ್ನ ಯಜಮಾನರ ಹೃದಯದ ಮಾತು ಹಾಗಿರಲಿ, ಬೆಳಿಗ್ಗೆ ಎದ್ದರೆ ಅವರ ಕನ್ನಡಕ ಹುಡುಕಿ ಕೊಡುವುದರಲ್ಲೇ ನನಗೆ ಸಾಕಾಗಿದೆ. ಆ ಹೆಂಗಸು ಇನ್ನೊಂದು ವರ್ಷ ಬದುಕಿದ್ದರೆ ಹಕ್ಕು ಮಗನದಲ್ಲ, ಅವಳದೇ. ಪುಟ್ಟ ರಾಣಿ ಸಾಯುವುದಕ್ಕೆ ಕೆಲವೇ ತಿಂಗಳ ಮೊದಲು ಇವಳು ಸತ್ತಳು. ಈ ಸಂಗತಿ ಹೇಳುವಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಆಗ ಗೊತ್ತಿರಲಿಲ್ಲ.

ಈಗ ನಮ್ಮ ಮನೆಯ ವಿಷಯ.

ನನ್ನ ತಾಯಿಯ ತವರು ನಿಟ್ಟೂರಿನ ಹತ್ತಿರ. ಅಮ್ಮನೇ ಹಿರಿಯವಳು, ಆಮೇಲೆ ಮಾವ, ಆಮೇಲೆ ಚಿಕ್ಕಮ್ಮ. ಅಮ್ಮನಿಗೆ ನಾನೊಬ್ಬಳೇ ಮಗಳು. ಆ ಮನೆಗೆ ಸೇರಿದ ಒಂದು ಬನ ಇದೆ. ಒಳಗೆ ಗುಡಿ ಇಲ್ಲ, ಗೋಪುರ ಇಲ್ಲ. ಮರದ ಬುಡದಲ್ಲಿ ಕಲ್ಲುಗಳು, ಅಷ್ಟೇ. ದೀಪಾವಳಿಯ ಹೊತ್ತಿಗೆ ಅಲ್ಲಿ ಭೂತ, ಚೌಡಿಗಳಿಗೆ ಪೂಜೆ ಕೊಡುವುದನ್ನು ನಮ್ಮ ಕಡೆ ನೋನಿ ಎನ್ನುತ್ತಾರೆ. ಮನೆಯ ಯಜಮಾನನಾದವನು ಭೂತಗಳ ಕಂಚಿನ ಮುಖಗಳಿರುವ ಪೆಟ್ಟಿಗೆ ತೆರೆದು, ಆಗಿಹೋದ ಹಿರಿಯರ ಹೆಸರುಗಳನ್ನು ಸಾಲಾಗಿ ಕರೆದು, ಮೊದಲ ಕಾಯಿ ಒಡೆಯಬೇಕು. ಮುಚ್ಚಂಜೆಯಲ್ಲಿ ಅವನ ಮುಂದೆ ಒಬ್ಬರು ದೊಂದಿ ಹಿಡಿದು ನಡೆಯುತ್ತಾರೆ. ಆ ದೊಂದಿ ಹಿಡಿದವನೇ ಮುಂದಿನ ಯಜಮಾನ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರೂ ನೋಡಿಕೊಳ್ಳುತ್ತಾರೆ. ನಮ್ಮಜ್ಜ ಇರುವವರೆಗೆ ಮಾವ ದೊಂದಿ ಹಿಡಿದಿದ್ದರು, ಅಜ್ಜ ಹೋದ ಮೇಲೆ ಮಾವನೇ ಯಜಮಾನರಾದರು. ಅಲ್ಲಿಯವರೆಗೆ ಎಲ್ಲ ಸಲೀಸು.

ಮಾವನಿಗೆ ಮಕ್ಕಳಾಗಲಿಲ್ಲ. ಅತ್ತೆ ಮೊದಲೇ ಹೋದರು. ಮಾವ ಬಹಳ ಒಳ್ಳೆಯವರು. ಯಾರ ಮನಸ್ಸನ್ನೂ ನೋಯಿಸಲಾರದಷ್ಟು ಒಳ್ಳೆಯವರು. ಅದೇ ಮುಳುವಾಯಿತು. ಒಂದು ವರ್ಷ ನನ್ನ ಮಗನ ಕೈಗೆ ದೊಂದಿ ಕೊಟ್ಟರು. ಚಿಕ್ಕಮ್ಮನ ಮುಖ ಸಣ್ಣದಾದದ್ದು ಕಂಡಿತೇನೋ, ಮುಂದಿನ ವರ್ಷ ಅವರ ಮಗನಿಗೆ ಕೊಟ್ಟರು. ಮತ್ತೆ ನನ್ನ ಮಗ, ಮತ್ತೆ ಅವನು. "ಮಾವ, ಇದು ಸರಿಯಲ್ಲ, ಒಬ್ಬರನ್ನ ಗಟ್ಟಿ ಮಾಡಿ" ಎಂದು ನಾನು ಹೇಳಿಯೇ ಹೇಳಿದ್ದೆ. ಸ್ಕಾಟ್ಲೆಂಡಿನಲ್ಲಿ ಹೀಗೆ ಮಾಡಿ ಏನಾಯಿತು ಎಂದೂ ಹೇಳಿದ್ದೆ. ಮಾವ ನಕ್ಕು, "ನೀ ಮೊದ್ಲು ಊಟಕ್ಕೆ ಏಳು ಮಾರಾಯ್ತಿ, ನಾನೇನ್ ನಾಳೇನೇ ಸಾಯ್ತೀನಾ" ಅಂದರು. ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರಿಗಾಗಿ ನಾನು ತುಂಬಾ ಅತ್ತೆ. ಅಳುತ್ತಲೇ, ಈಗ ದೊಂದಿಯ ಗತಿ ಏನು ಎಂದೂ ಯೋಚಿಸಿದೆ. ನಲವತ್ತು ದಾಟಿದ ಇಬ್ಬರಿಗೂ ದೊಂದಿ ಹಿಡಿದ ಸಾಕ್ಷಿ ಇತ್ತು, ಇಡೀ ನೆಂಟರಿಷ್ಟರ ಕಣ್ಣೆದುರೇ.

ಘಟ್ಟದ ಕೆಳಗಿನವರಾಗಿದ್ದರೆ ಅಳಿಯಸಂತಾನದ ಕಟ್ಟು ಏನಾದರೊಂದು ದಾರಿ ತೋರಿಸುತ್ತಿತ್ತು. ನಾವು ಘಟ್ಟದ ಮೇಲಿನವರು, ನಮಗೆ ಆ ಅಭ್ಯಾಸವಿಲ್ಲ. ಅಮ್ಮ ಹಟ ಹಿಡಿದಳು. ಅಮ್ಮ ಇರುವುದು ಸಾಗರದಲ್ಲಿ ನನ್ನ ಜೊತೆ. ನನ್ನ ಮಗನಿಗೆ ಅಲ್ಲೇ ಕನ್ನಡಕದ ಅಂಗಡಿ. "ನಾ ಹಿರೀಮಗಳು. ನನ್ ಮೊಮ್ಮಗ ಕಾಯಿ ಒಡೀಬೇಕು" ಎಂದು ಬೆಳಿಗ್ಗೆ ಕಾಫಿ ಜೊತೆಗೆ ಶುರುಮಾಡುತ್ತಿದ್ದಳು. ಹೊಸನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಚಿಕ್ಕಮ್ಮನ ಮಗ, ನನ್ನ ತಮ್ಮ, ಹೇಳಿದ್ದೂ ಸುಳ್ಳಲ್ಲ. "ಅಕ್ಕಾ, ನಾ ಮಾವನಿಗೆ ಸ್ವಂತ ತಂಗಿ ಮಗ. ಬನದ ಬೇಲಿ ಕಟ್ಟೋದ್ರಿಂದ ಹಿಡ್ದು ಕೋಳಿ ತರೋವರೆಗೆ ಓಡಾಡಿದ್ದು ನಾನು. ನಿನ್ ಮಗ ನೋನಿ ಹೊತ್ತಿಗೆ ಬಿಳಿ ಪಂಚೆ ಉಟ್ಕಂಡು ಬರ್ತಾನೆ, ಅಷ್ಟೆ." ನನ್ನ ಮಗನ ಬಗ್ಗೆ ಅವನು ಆಡಿದ ಮಾತು ಪೂರಾ ನಿಜ. ಪಂಚೆಯನ್ನೂ ಅವನಿಗೆ ನಾನೇ ಉಡಿಸಬೇಕು.

ಬನ ಯಾರ ಪಾಲಾದರೂ ನಾನು ತಡೆದುಕೊಳ್ಳುತ್ತಿದ್ದೆ. ತಡೆಯಲಾಗದ್ದು ಇನ್ನೊಂದು. ಅಮ್ಮ ಮತ್ತು ಚಿಕ್ಕಮ್ಮ ದಿನಾ ಬೆಳಿಗ್ಗೆ ಫೋನಿನಲ್ಲಿ ಮಾತಾಡುವವರು. ನಿನ್ನೆ ಯಾವ ಸಾರು, ಇವತ್ತು ಯಾವ ಸೊಪ್ಪು, ಯಾರ ಮನೆಯ ಹುಡುಗಿಗೆ ಎಲ್ಲಿಯ ಗಂಡು. ಒಂದೇ ಊರಿನ ಎರಡು ಅಡುಗೆಮನೆಗಳಲ್ಲಿ ಕೂತವರ ಹಾಗೆ ಮಾತಾಡುತ್ತಿದ್ದರು. ಅದು ನಿಂತುಹೋಯಿತು. ಅಮ್ಮ ಫೋನನ್ನು ಎದುರಿಗೆ ಇಟ್ಟುಕೊಂಡು ಕೂರುವಳು, ಒತ್ತುವುದಿಲ್ಲ. ಅತ್ತ ಚಿಕ್ಕಮ್ಮನೂ ಹಾಗೇ ಕೂರುತ್ತಾರೆಂದು ತಮ್ಮ ಹೇಳಿದ. ಎಂಬತ್ತರ ಆಸುಪಾಸಿನ ಅಕ್ಕತಂಗಿಯರು. ಇಬ್ಬರಲ್ಲಿ ಒಬ್ಬರು ಹೀಗೇ ಮಾತು ಬಿಟ್ಟು ಹೋಗಿಬಿಟ್ಟರೆ ಎಂದು ನನಗೆ ಹೆದರಿಕೆಯಾಯಿತು.

ದೀಪಾವಳಿ ಹತ್ತಿರ ಬಂದಾಗ, ಮನೆಯವರೆಲ್ಲ ಸೇರಿ ಮಾಡಬಾರದ ಕೆಲಸವೊಂದನ್ನು ಮಾಡಿದರು. ಪಕ್ಕದ ಊರಿನ ಸಾಹುಕಾರರನ್ನು ನ್ಯಾಯ ಹೇಳಲು ಕರೆದರು. ಅವರು ಕೆಟ್ಟವರಲ್ಲ. ಮಾತು ಮೃದು, ಕೈ ದೊಡ್ಡದು. ಆದರೆ ಸುತ್ತಲಿನ ನಾಲ್ಕಾರು ಬನಗಳಿಗೆ ಸಿಮೆಂಟು ಹೊಡೆಸಿ, ಟೈಲ್ಸ್ ಹಾಕಿಸಿ, ಕಮಾನು ನಿಲ್ಲಿಸಿ, ತಮ್ಮ ಕಮಿಟಿಯ ಬೋರ್ಡು ತೂಗುಹಾಕಿದವರು ಅವರೇ. ನಮ್ಮ ಬನದ ಮೇಲೆ ಅವರ ಕಣ್ಣಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಜಗಳದ ಬಿಸಿಯಲ್ಲಿ ನಮ್ಮವರಿಗೆ ಮಾತ್ರ ಮರೆತುಹೋಗಿತ್ತು.

ಅಮ್ಮನ ತವರುಮನೆಯ ಜಗಲಿಯಲ್ಲಿ ಎಲ್ಲರೂ ಕೂತೆವು. ಅಮ್ಮ ಒಂದು ಕಂಬಕ್ಕೆ ಒರಗಿದರೆ, ಚಿಕ್ಕಮ್ಮ ಆಚೆಯ ಕಂಬಕ್ಕೆ. ಸಾಹುಕಾರರು ಬಂದರು, ಮಾವನ ಫೋಟೋಗೆ ಕೈಮುಗಿದರು, ಕಾಫಿ ಕುಡಿದರು. ಆಮೇಲೆ ತಟ್ಟೆಯಲ್ಲಿ ಎಲೆಯಡಿಕೆ ತರಿಸಿ ತಮ್ಮ ಮುಂದೆ ಇಟ್ಟುಕೊಂಡರು.

"ನಂದೇನ್ ಇಲ್ಲ, ನಿಮ್ಮನೆ ಒಳ್ಳೇದೇ ನೋಡೋದು. ಒಂದೇ ಮಾತು. ಮೊದ್ಲು ಇಬ್ರೂ ನನ್ ಕೈಯಿಂದ ವೀಳ್ಯ ತಗಳ್ಳಿ. ನಾ ಹೇಳಿದ್ದೇ ಕಡೇ ಮಾತು ಅಂತ ಆತು. ತೀರ್ಮಾನ ಆಗೋವರೆಗೆ ಪೆಟ್ಟಿಗೆ ಕೀಲಿಕೈ ನನ್ ಹತ್ರ ಇರ್ಲಿ. ಮುಂದೂ ಏನಾರ ತಕರಾರು ಬಂದ್ರೆ ಕಮಿಟಿ ಇದೆಯಲ್ಲ."

ನನಗೆ ಮೈ ಜುಂ ಅಂದಿತು. ನಗುವೂ ಬಂತು. ನನ್ನ ಬೋರ್ಡಿನ ಮೇಲಿನ ಕಥೆಯಿಂದ ಎದ್ದು ಬಂದು ಯಾರೋ ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು! ಸ್ಕಾಟ್ಲೆಂಡಿನವರು ತಮ್ಮ ಜಗಳ ಬಗೆಹರಿಸಲು ಪಕ್ಕದ ಇಂಗ್ಲೆಂಡಿನ ರಾಜನನ್ನು ಕರೆದಾಗ ಆತ ಕೇಳಿದ್ದೂ ಇಷ್ಟೇ. ಮೊದಲು ನಾನು ನಿಮಗೆಲ್ಲ ಮೇಲಿನವನು ಎಂದು ಒಪ್ಪಿ. ತೀರ್ಮಾನ ಆಗುವವರೆಗೆ ಕೋಟೆಗಳು ನನ್ನ ವಶದಲ್ಲಿರಲಿ. ಹಕ್ಕುದಾರರು ಒಬ್ಬರ ಹಿಂದೆ ಒಬ್ಬರು ಒಪ್ಪಿದರು, ಎಲ್ಲಿ ಒಪ್ಪದಿದ್ದರೆ ಪಕ್ಕದವನಿಗೆ ಪಟ್ಟ ಹೋಗುತ್ತದೋ ಎಂಬ ಹೆದರಿಕೆಗೆ.

ನನ್ನ ತಮ್ಮ ಆಗಲೇ ಕೈ ಚಾಚಿದ್ದ. ಅವನು ಚಾಚಿದ್ದು ನೋಡಿ ನನ್ನ ಮಗನೂ ಚಾಚಿದ.

"ಕೈ ಹಿಂದೆ ತಗಳ್ರೋ ಇಬ್ರೂ!" ಎಂದೆ. ಕಾಲೇಜಿನ ಹಿಂದಿನ ಬೆಂಚಿಗೂ ಕೇಳುತ್ತಿದ್ದ ನನ್ನ ದನಿ ಇನ್ನೂ ಹಾಗೇ ಇದೆ. ಎರಡೂ ಕೈಗಳು ಹಿಂದೆ ಹೋದವು. ಸಾಹುಕಾರರಿಗೆ ಕೈಮುಗಿದು ಹೇಳಿದೆ. "ತಪ್ಪು ತಿಳ್ಕೊಬೇಡಿ. ವೀಳ್ಯ ತಟ್ಟೇಲೇ ಇರ್ಲಿ. ಒಂದು ಕಥೆ ಇದೆ, ಕೇಳಿ ಹೋಗಿ." ಅವರು ಗಡಿಯಾರ ನೋಡಿಕೊಂಡರು, ಆದರೂ ಕೂತರು. ಕಥೆ ಅಂದರೆ ಎದ್ದುಹೋಗುವುದು ನಮ್ಮ ಕಡೆ ಮರ್ಯಾದೆಯಲ್ಲ.

ಚೀಲದಲ್ಲಿ ಸೀಮೆಸುಣ್ಣ ಇಲ್ಲದೆ ನಾನು ಎಲ್ಲಿಗೂ ಹೋಗುವವಳಲ್ಲ, ನಿವೃತ್ತಿಯಾದರೂ ಬಿಡದ ಚಾಳಿ. ಜಗಲಿಯ ಕೆಂಪು ಗಾರೆಯ ಮೇಲೆ ವಂಶವೃಕ್ಷ ಬರೆದೆ. ಕುದುರೆಯಿಂದ ಬಿದ್ದ ರಾಜ, ಹಡಗಿನಲ್ಲಿ ಹೋದ ಮಗು, ಹಿರಿಯ ಮಗಳು, ಕಿರಿಯ ಮಗಳು, ಅವರ ಕೆಳಗಿನ ಗೆರೆಗಳು. ಇಂಗ್ಲೆಂಡಿನ ರಾಜ ಹಿರಿಯ ಕವಲಿಗೆ ಪಟ್ಟ ಕಟ್ಟಿದ. ಅಮ್ಮ ತಲೆ ಎತ್ತಿದಳು. "ತೀರ್ಪು ಸರಿಯಾಗೇ ಇತ್ತು" ಎಂದೆ. "ತೀರ್ಪು ಕೊಡಲಿಕ್ಕೆ ಅವನನ್ನ ಕರೆದದ್ದೇ ತಪ್ಪು." ಪಟ್ಟ ಕಟ್ಟಿಸಿಕೊಂಡವನನ್ನು ಆತ ಆಳಿನ ಹಾಗೆ ಕರೆಸಿ ಕಳಿಸಿ ಮಾಡಿದ, ಕಡೆಗೆ ಮೈಮೇಲಿನ ರಾಜಲಾಂಛನವನ್ನೂ ಕೀಳಿಸಿ ಓಡಿಸಿದ. ಎಷ್ಟೋ ವರ್ಷ ಯುದ್ಧವಾಯಿತು. ಕೊನೆಗೆ ಕಿರಿಯ ಕವಲಿನವನ ಮೊಮ್ಮಗ ಗೆದ್ದ ನಿಜ, ಅಷ್ಟರೊಳಗೆ ಊರೂರೇ ಸುಟ್ಟುಹೋಗಿತ್ತು.

ನನ್ನ ತಮ್ಮ ನೆಲದ ಮೇಲಿನ ಗೆರೆಗಳನ್ನೇ ನೋಡುತ್ತಿದ್ದ. ಆಗ ಚಿಕ್ಕಮ್ಮ ಆಚೆ ಕಂಬದಿಂದ ಕೇಳಿದರು.

"ಅಲ್ಲ ಕಣೆ, ಆ ಅಕ್ಕತಂಗೇರು ಎಂತ ಹೇಳಿದ್ರು ಇದಕ್ಕೆಲ್ಲ?"

ಇಷ್ಟು ವರ್ಷ ಪಾಠ ಮಾಡಿದ್ದೇನೆ. ಒಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ.

"ಅವ್ರು ಅಷ್ಟರೊಳಗೆ ಸತ್ತುಹೋಗಿದ್ರು ಚಿಕ್ಕಮ್ಮ" ಎಂದೆ. ಅಭ್ಯಾಸಬಲದಿಂದ ಆ ಇಬ್ಬರು ಹೆಣ್ಣುಮಕ್ಕಳ ತಲೆಯ ಮೇಲೂ ಗುಣಾಕಾರದ ಗುರುತು ಹಾಕಿದೆ.

ಅಮ್ಮ ಆ ಗುರುತುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಂಬ ಬಿಟ್ಟು ಮುಂದಕ್ಕೆ ಬಾಗಿ, ಎಷ್ಟೋ ವಾರಗಳ ಮೇಲೆ ಮೊದಲ ಸಲ ತಂಗಿಯ ಮುಖ ನೋಡಿ ಹೇಳಿದಳು.

"ನಾವ್ ಸತ್ತಿಲ್ವಲ್ಲೇ."

ಮೊದಲು ನಕ್ಕದ್ದು ಚಿಕ್ಕಮ್ಮನೇ. "ಹೌದು ಕಣೇ ಅಕ್ಕಾ, ನಾವ್ ಇಲ್ಲೇ ಕೂತಿದೀವಿ!" ಎಂದು ಹೊಟ್ಟೆ ಹಿಡಿದು ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. ಸ್ಕಾಟ್ಲೆಂಡಿನ ಗೆರೆಗಳನ್ನು ನಾನು ಬೋರ್ಡು ತುಂಬ ಎಳೆದದ್ದೇ ಎಳೆದದ್ದು. ಹಕ್ಕೆಲ್ಲ ಹೆಂಗಸರ ಮೇಲಿಂದ ಹಾದು ಗಂಡಸರನ್ನು ಹೋಗಿ ಮುಟ್ಟುತ್ತಿತ್ತು. ನಡುವೆ ಅವರಲ್ಲೇ ನಿಲ್ಲಬಹುದು ಎಂದು, ಆ ನಡುವಿನ ಹೆಂಗಸಿಗಾಗಿ ಅಷ್ಟು ಸಿಟ್ಟು ಮಾಡಿಕೊಂಡ ನನಗೂ, ನಮ್ಮ ಮನೆಯ ಮಟ್ಟಿಗೆ ಹೊಳೆದಿರಲಿಲ್ಲ. ಹೊಳೆದದ್ದು ಅಮ್ಮನಿಗೆ.

"ಹೆಂಗಸರು ಬನದ ಒಳಗೆ..." ಎಂದು ಸಾಹುಕಾರರು ರಾಗ ಎಳೆದರು.

"ಮುಟ್ಟು ನಿಂತು ಮೂವತ್ತು ವರ್ಷದ ಮೇಲಾತು ಸಾವ್ಕಾರ್ರೇ. ಇನ್ನೂ ಎಂತಕ್ಕೆ ಕಾಯ್ಬೇಕು ನಾನು?" ಎಂದಳು ಅಮ್ಮ. ಅವರು ಎಲೆಯಡಿಕೆಯ ತಟ್ಟೆಯನ್ನು ತಾವೇ ಪಕ್ಕಕ್ಕೆ ಸರಿಸಿದರು. ಹೊರಡುವಾಗ ನನ್ನ ಹತ್ತಿರ ಬಂದು, "ಆ ಇಂಗ್ಲೆಂಡಿನ ರಾಜ ಅಷ್ಟು ಕೆಟ್ಟವನಾ?" ಎಂದು ಕೇಳಿದರು. ಅವನ ಊರಲ್ಲಿ ಅವನನ್ನು ಹೊಗಳುತ್ತಾರೆ ಎಂದೆ.

ನನ್ನ ತಮ್ಮ ಹಗುರಾದ ಮನುಷ್ಯನ ಹಾಗೆ ಎದ್ದು ಅಮ್ಮನ ಕಾಲಿಗೆ ಬಿದ್ದ. "ದೊಡ್ಡಮ್ಮ, ನೀವೇ ಒಡೀರಿ. ಕೋಳಿ ನಾ ತರ್ತೀನಿ." ನನ್ನ ಮಗನಿಗೆ ಆದ ಸಂತೋಷ ಹೇಳತೀರದು. ಇನ್ನು ಮೇಲೆ ಪಂಚೆ ಉಡಬೇಕಾಗಿಲ್ಲ ಎಂದುಕೊಂಡನೋ ಏನೋ. ಉಡಲೇಬೇಕು ಎಂದು ಅಲ್ಲೇ ತಿಳಿಸಿದೆ.

ನೋನಿಯ ದಿನ ಮುಚ್ಚಂಜೆಗೆ ಬನಕ್ಕೆ ಹೊರಟೆವು. ಅಮ್ಮ ದೊಂದಿಯನ್ನು ತಾನೇ ಹೊತ್ತಿಸಿ ಚಿಕ್ಕಮ್ಮನ ಕೈಗೆ ಕೊಟ್ಟಳು. ಯಾರೂ ಏನೂ ಹೇಳಲಿಲ್ಲ, ಎಲ್ಲರೂ ನೋಡಿದರು. ಸೊಂಟ ಬಗ್ಗಿದ ಚಿಕ್ಕಮ್ಮ ಮುಂದೆ, ಅವರ ಬೆಳಕಿನಲ್ಲಿ ಕಾಲಿಡುತ್ತಾ ಅಮ್ಮ ಹಿಂದೆ. ಇಬ್ಬರೂ ದಾರಿಯುದ್ದಕ್ಕೂ ಯಾರದೋ ಮನೆಯ ಮದುವೆಯ ಮಾತಾಡುತ್ತಿದ್ದರು. ಕಲ್ಲುಗಳ ಮುಂದೆ ಪೆಟ್ಟಿಗೆ ತೆರೆದು ಅಮ್ಮ ಹಿರಿಯರ ಹೆಸರುಗಳನ್ನು ಕರೆದಳು. ಸಣ್ಣವಳಿದ್ದಾಗ ಅವಳು ಬೇಲಿಯ ಹೊರಗೆ ನಿಂತು, ತನ್ನ ಅಪ್ಪನ ಬಾಯಿಂದ ಕೇಳಿದ್ದು ಅಷ್ಟೇ. ಒಂದು ಹೆಸರೂ ತಪ್ಪಲಿಲ್ಲ. ಕೊನೆಗೆ ಮಾವನ ಹೆಸರು ಬಂತು. ಅಲ್ಲಿಗೆ ಮುಗಿಯಬೇಕಿತ್ತು. ಅಮ್ಮ ನಿಲ್ಲಿಸದೆ ತನ್ನ ಅಮ್ಮನ ಹೆಸರು ಕರೆದಳು, ತನ್ನ ಅಜ್ಜಿಯ ಹೆಸರು ಕರೆದಳು. ಆ ಬನದಲ್ಲಿ ಆ ಹೆಸರುಗಳು ಕೇಳಿದ್ದು ಅದೇ ಮೊದಲು. ಕಾಯಿ ಒಂದೇ ಏಟಿಗೆ ಎರಡು ಸಮ ಹೋಳಾಯಿತು, ನಾನೇನೂ ಇದಕ್ಕೆ ಅರ್ಥ ಹಚ್ಚುವುದಿಲ್ಲ. ಅಮ್ಮನ ತೋಳಿನಲ್ಲಿ ಇನ್ನೂ ಶಕ್ತಿ ಇದೆ, ಅಷ್ಟೇ.

ವಾಪಸು ಬರುವಾಗ ಏರಿನಲ್ಲಿ ಚಿಕ್ಕಮ್ಮ ನಿಂತರು. ಹಿಂದೆ ತಮ್ಮ ಇದ್ದ, ನನ್ನ ಮಗ ಇದ್ದ. ಇಬ್ಬರೂ ಒಟ್ಟಿಗೆ ಮುಂದೆ ಬಂದರು. ಚಿಕ್ಕಮ್ಮ ಅವರನ್ನು ನೋಡಲಿಲ್ಲ. ನನ್ನ ಕಡೆ ತಿರುಗಿ ದೊಂದಿ ಚಾಚಿದರು.

"ಹಿಡ್ಕಳೆ. ನಂಗೆ ಕೈ ನೋಯ್ತದೆ."

ಕೈ ನೋಯುತ್ತಿದ್ದದ್ದು ನಿಜವೇ ಇರಬೇಕು. ಆದರೆ ನಮ್ಮ ಮನೆಯಲ್ಲಿ ದೊಂದಿ ಯಾರ ಕೈಗೆ ಹೋಗುತ್ತದೆ ಎಂಬುದು ಎಂಬತ್ತು ವರ್ಷದ ಆ ಹೆಂಗಸಿಗೆ ಗೊತ್ತಿಲ್ಲದ್ದೇನಲ್ಲ. ನನಗೆ ಆ ನಡುವಿನ ಹೆಂಗಸು ನೆನಪಾದಳು, ಕೆಲವೇ ತಿಂಗಳ ಅಂತರದಲ್ಲಿ ಪಟ್ಟ ತಪ್ಪಿಹೋದವಳು. ದೊಂದಿ ತೆಗೆದುಕೊಂಡೆ. ಬಿಸಿ ಮುಖಕ್ಕೆ ಹೊಡೆಯಿತು. ಹಿಂದೆ ಬರುತ್ತಿದ್ದವರೆಲ್ಲ ನೋಡುತ್ತಿದ್ದರು, ಅಮ್ಮನೂ ನೋಡುತ್ತಿದ್ದಳು.

"ಅಮ್ಮಾ, ಕೊಡು, ನಾ ಹಿಡ್ಕತೀನಿ" ಎಂದ ಮಗ.

"ಬೇಡ" ಎಂದೆ. ಮನೆಯ ಅಂಗಳ ಮುಟ್ಟುವವರೆಗೆ ಅದನ್ನು ಯಾರ ಕೈಗೂ ಕೊಡಲಿಲ್ಲ.